ಕಾಲೇಜಿನ ಮೊದಲ ವರ್ಷ

ಈ ಸಲ ನಿಮ್ಮ ಮನೆಯಿಂದ ಮಗನೋ ಮಗಳೋ ತಮ್ಮನೋ ತಂಗಿಯೋ ಡಿಗ್ರಿ ಕಾಲೇಜಿಗೆ ಸೇರಿರಬಹುದು. ಶುಲ್ಕ ಕಟ್ಟಿಯಾಯಿತು, ಬಸ್ ಪಾಸು ಮಾಡಿಸಿಯಾಯಿತು, ದೇವರಿಗೆ ಕಾಯಿ ಒಡೆಸಿದ್ದೂ ಆಯಿತು. ಇನ್ನು ಮೂರು ವರ್ಷ ತಾನಾಗಿಯೇ ಉರುಳಿ ಹೋಗುತ್ತದೆಂದು ಹಿರಿಯರು ನೆಮ್ಮದಿಯಿಂದ ಇರುತ್ತಾರೆ. ಆದರೆ ಬಹುಕಾಲ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ಅನುಭವದಿಂದ ತಿಳಿದದ್ದು ಬೇರೆ. ಆ ಮೂರು ವರ್ಷಗಳ ಫಲ ಬಹುಮಟ್ಟಿಗೆ ಮೊದಲ ಎರಡು ತಿಂಗಳಲ್ಲೇ ನಿಶ್ಚಯವಾಗಿಬಿಡುತ್ತದೆ. ಆದ್ದರಿಂದ ಇಂದಿನ ನನ್ನ ಮಾತು ಮುಖ್ಯವಾಗಿ ಹೊಸ ವಿದ್ಯಾರ್ಥಿಗೆ. ಕೊನೆಯಲ್ಲಿ ಎರಡು ಮಾತು ಮನೆಯವರಿಗೆ.

ಹೈಸ್ಕೂಲಿನಲ್ಲಿ ಮೇಷ್ಟರು ನಿಮ್ಮ ನೋಟ್ ಪುಸ್ತಕ ತೆರೆದು ನೋಡುತ್ತಿದ್ದರು. ಲೆಕ್ಕ ಮಾಡದಿದ್ದರೆ ಗದರುತ್ತಿದ್ದರು. ಎರಡು ದಿನ ಬಾರದಿದ್ದರೆ ಮನೆಗೆ ಹೇಳಿ ಕಳುಹಿಸುತ್ತಿದ್ದರು. ಕಾಲೇಜಿನಲ್ಲಿ ಅದಾವುದೂ ಇಲ್ಲ. ಉಪನ್ಯಾಸಕರು ಬರುತ್ತಾರೆ, ಒಂದು ಗಂಟೆ ಮಾತನಾಡುತ್ತಾರೆ, ಹಾಜರಿ ಕೂಗಿ ಹೋಗುತ್ತಾರೆ. ನಿಮಗೆ ತಿಳಿಯಿತೋ ಇಲ್ಲವೋ ಎಂಬುದು ನೀವಾಗಿ ಹೇಳಿದರಷ್ಟೇ ಅವರಿಗೆ ಗೊತ್ತು. ಈ ಸ್ವಾತಂತ್ರ್ಯ ಮೊದಲ ವಾರ ಬಹಳ ಸೊಗಸಾಗಿ ಕಾಣುತ್ತದೆ. ಅದರ ಬೆಲೆ ತಿಳಿಯುವುದು ಮೊದಲ ಪರೀಕ್ಷೆಯಲ್ಲಿ.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಳ್ಳಿಯಿಂದ ಬಂದವನು, ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿ, ಪಿ.ಯು.ಸಿ.ಯನ್ನು ಗೈಡುಗಳ ಆಸರೆಯಿಂದ ದಾಟಿ, ಬಿ.ಎಸ್ಸಿ.ಗೆ ಸೇರಿದ್ದ. ಮೂರನೆಯ ಬೆಂಚಿನಲ್ಲಿ ಕುಳಿತು ನಾನು ಹೇಳಿದ ಪ್ರತಿ ಅಕ್ಷರವನ್ನೂ ಬರೆದುಕೊಳ್ಳುತ್ತಿದ್ದ. ಅವನ ಮೌನವನ್ನು ನಾನು ಏಕಾಗ್ರತೆಯೆಂದೇ ತಿಳಿದೆ. ದಸರಾ ರಜೆ ಮುಗಿದ ಮೇಲೆ ಹುಡುಗ ಬರಲಿಲ್ಲ. ಕೆಲವು ದಿನಗಳಾದ ಮೇಲೆ ತಂದೆ ಅವನನ್ನು ಕರೆದುಕೊಂಡು ಟಿ.ಸಿ. ಕೇಳಲು ಬಂದರು. "ಪಾಠ ತಿಳಿಯದಿದ್ದರೆ ನನ್ನನ್ನು ಒಂದು ಮಾತು ಕೇಳಬಾರದಾಗಿತ್ತೇನಪ್ಪಾ?" ಎಂದೆ. ಅವನು ತಲೆ ತಗ್ಗಿಸಿಕೊಂಡೇ, "ಏನು ಕೇಳಬೇಕು ಅನ್ನೋದೇ ತಿಳೀಲಿಲ್ಲ ಸಾರ್" ಎಂದ.

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆ ಹುಡುಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ತನಗೆ ತಿಳಿಯದ ಜಾಗ ಎಲ್ಲಿದೆಯೆಂದು ಹುಡುಕುವ ಉಪಾಯ ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಅದನ್ನು ಹೇಳಿಕೊಡಬೇಕಾದ ನಾನೂ ಹೇಳಿಕೊಟ್ಟಿರಲಿಲ್ಲ. ಅಂದು ಅವನಿಗೆ ಹೇಳದೆ ಉಳಿದದ್ದನ್ನು ಈಗ ನಿಮಗೆ ಹೇಳುತ್ತೇನೆ.

ಕಾಲೇಜಿನಿಂದ ಮನೆಗೋ ಹಾಸ್ಟೆಲಿಗೋ ಬಂದು ಕಾಫಿ ಕುಡಿದಾದ ಮೇಲೆ, ಅಂದಿನ ಒಂದೊಂದು ಪಾಠಕ್ಕೂ ಹದಿನೈದು ನಿಮಿಷ ಮೀಸಲಿಡಿ. ನೋಟ್ ಪುಸ್ತಕವನ್ನು ಮುಚ್ಚಿ, ಬಿಳಿ ಹಾಳೆಯ ಮೇಲೆ ಈ ದಿನ ಏನು ಕೇಳಿದೆನೆಂಬುದನ್ನು ನೆನಪಿನಿಂದ ಬರೆಯಿರಿ. ಕನ್ನಡದಲ್ಲಿಯೇ ಬರೆಯಿರಿ, ಸಂಕೋಚ ಬೇಡ. ಎಲ್ಲಿಯೋ ಒಂದು ಕಡೆ ಲೇಖನಿ ನಿಲ್ಲುತ್ತದೆ. ಆಗ ಪುಸ್ತಕ ತೆರೆದು ನೋಡಿ. ನೋಡಿದ ಮೇಲೂ ಬಗೆಹರಿಯದಿದ್ದರೆ ಅಲ್ಲಿ ಒಂದು ಗೆರೆ ಎಳೆಯಿರಿ. ನಾಳೆ ನೀವು ಉಪನ್ಯಾಸಕರನ್ನು ಕೇಳಬೇಕಾದ ಪ್ರಶ್ನೆ ಅದೇ.

ಇದು ಬರಿಯ ಮುದುಕನ ಬುದ್ಧಿವಾದವಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು, 1885ರಲ್ಲಿ ಪ್ರಕಟಿಸಿದನು. ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಒಂದು ದಿನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೋಗಿಬಿಟ್ಟಿತ್ತು. ಅರ್ಥವಾದ ಪಾಠ ಇಷ್ಟು ಬೇಗ ಮರೆಯುವುದಿಲ್ಲ, ನಿಜ. ಆದರೆ ಅರ್ಥವಾಗದ ಪಾಠ ಅಂತಹ ಅಕ್ಷರಗುಚ್ಛವೇ ತಾನೆ? 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಕಾಲೇಜು ವಿದ್ಯಾರ್ಥಿಗಳ ಮೇಲೆ ಇನ್ನೊಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಕಳೆದು ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಮುಂದಾದರು. ಓದಿ ಓದಿ ಮರುಳಾದ ಕೂಚುಭಟ್ಟನ ಗಾದೆ ಮಾಡಿದ ನಮ್ಮ ಹಿರಿಯರಿಗೆ ಇದು ಮೊದಲೇ ತಿಳಿದಿತ್ತೋ ಏನೋ!

ಇನ್ನು ಇಂಗ್ಲಿಷಿನ ಭಯ. ಕನ್ನಡ ಮಾಧ್ಯಮದಿಂದ ಬಂದವರು ತಮಗೆ ಭಾಷೆಯೇ ಬಾರದೆಂದು ಎದೆಗೆಡುತ್ತಾರೆ. ಒಂದು ವಿಷಯದಲ್ಲಿ ಮೇಲಿಂದ ಮೇಲೆ ಬರುವ ಮುಖ್ಯ ಪದಗಳು ಬಹಳವೇನಿಲ್ಲ. ಒಂದು ಚಿಕ್ಕ ಪುಸ್ತಕದಲ್ಲಿ ದಿನಕ್ಕೆ ಐದು ಪದ ಬರೆದು, ಅವುಗಳ ಅರ್ಥವನ್ನು ನಿಮ್ಮ ಮಾತಿನಲ್ಲಿ ಗುರುತು ಹಾಕಿಕೊಳ್ಳಿ. ಇನ್ನೊಂದು ಸಂಗತಿಯನ್ನೂ ತಿಳಿದಿರಿ. ಭೌತಶಾಸ್ತ್ರದಲ್ಲಿ 'ವರ್ಕ್' ಎಂಬ ಪದವಿದೆ. ತಲೆಯ ಮೇಲೆ ಮೂಟೆ ಹೊತ್ತು ಸಮತಟ್ಟಾದ ರಸ್ತೆಯಲ್ಲಿ ಒಂದೇ ಸಮನೆ ನಡೆಯುವ ಕೂಲಿಯವನು ಮೂಟೆಯನ್ನು ಎತ್ತಿ ಹಿಡಿಯುವ ಬಲದಿಂದ ಮಾಡಿದ 'ವರ್ಕ್' ಆ ಶಾಸ್ತ್ರದ ಪ್ರಕಾರ ಸೊನ್ನೆ. ಬಲ ಮೇಲ್ಮುಖ, ಚಲನೆ ಅಡ್ಡಡ್ಡ. ಹುಟ್ಟಿದಾಗಿನಿಂದ ಇಂಗ್ಲಿಷ್ ಆಡಿದವನೂ ಇಲ್ಲಿ ಎಡವುತ್ತಾನೆ. ಶಾಸ್ತ್ರದ ಭಾಷೆ ಎಲ್ಲರಿಗೂ ಹೊಸದು. ಅಲ್ಲಿ ನೀವೂ ಅವನೂ ಸಮಾನರು. ಕಲಾ ವಿಷಯಗಳಲ್ಲಿ ಕನ್ನಡದಲ್ಲಿ ಉತ್ತರ ಬರೆಯಲು ನಮ್ಮ ಹಲವು ವಿಶ್ವವಿದ್ಯಾಲಯಗಳು ಅವಕಾಶ ಕೊಟ್ಟಿವೆ. ನಿಮ್ಮಲ್ಲಿ ಹೇಗೆಂದು ಆರಂಭದಲ್ಲೇ ವಿಚಾರಿಸಿಕೊಳ್ಳಿ.

ಪ್ರಿಯವಾದ ಒಂದೇ ವಿಷಯವನ್ನು ಹಿಡಿದು ಉಳಿದವನ್ನು ಕೈಬಿಡುವುದು ಮೊದಲ ವರ್ಷದ ಇನ್ನೊಂದು ಅಪಾಯ. ಶ್ರೀನಿವಾಸ ರಾಮಾನುಜನ್ ಅವರು 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ಸೇರಿದರು. ಗಣಿತವೊಂದನ್ನೇ ನೆಚ್ಚಿ ಇಂಗ್ಲಿಷ್ ಮೊದಲಾದವನ್ನು ಅಲಕ್ಷಿಸಿದ್ದರಿಂದ ವಿದ್ಯಾರ್ಥಿವೇತನ ತಪ್ಪಿತು. ಆಮೇಲೆ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದರೂ ಎಫ್.ಎ. ತೇರ್ಗಡೆಯಾಗಲಿಲ್ಲ. ಮುಂದೆ ಹಲವು ವರ್ಷ ಬಡತನದಲ್ಲಿ ಅಲೆಯಬೇಕಾಯಿತು. ಅಂತಹ ಮೇಧಾವಿಗೇ ಅಷ್ಟು ಕಷ್ಟವಾದ ಮೇಲೆ ನಮ್ಮಂಥವರು ಯಾವ ಪತ್ರಿಕೆಯನ್ನೂ ಹಗುರವಾಗಿ ಕಾಣಲಾಗದು. ಆದರೆ ಅವರು ಕೈಕಟ್ಟಿ ಕೂಡಲಿಲ್ಲ. ತಮ್ಮ ಗಣಿತವನ್ನು ಇಂಗ್ಲೆಂಡಿನ ವಿದ್ವಾಂಸರಿಗೆ ಬರೆದು ಕಳುಹಿಸಿದರು. ಮೊದಲು ಪ್ರೋತ್ಸಾಹ ಸಿಗಲಿಲ್ಲ. 1913ರಲ್ಲಿ ಕೇಂಬ್ರಿಜ್‌ನ ಹಾರ್ಡಿಯವರಿಗೆ ಬರೆದ ಪತ್ರ ಅವರ ಬಾಳನ್ನೇ ತಿರುಗಿಸಿತು. ಮುಖ ಕಾಣದ ದೊಡ್ಡವರಿಗೆ ಅವರು ಕಾಗದ ಬರೆದರು; ಹತ್ತು ಹೆಜ್ಜೆ ದೂರದ ಮೇಜಿನ ಬಳಿ ಹೋಗಲು ನಿಮಗೇಕೆ ಅಂಜಿಕೆ?

ಕೇಳುವ ಬಗೆಯೂ ಒಂದಿದೆ. "ಏನೂ ತಿಳಿಯಲಿಲ್ಲ ಸಾರ್" ಎಂದರೆ ಯಾವ ಉಪನ್ಯಾಸಕರಿಗೂ ಎಲ್ಲಿಂದ ಶುರು ಮಾಡಬೇಕೆಂದು ತೋಚದು. ಗೆರೆ ಎಳೆದ ಹಾಳೆಯನ್ನು ತೋರಿಸಿ, "ಇಲ್ಲಿಯವರೆಗೆ ಬಂತು, ಇದರಿಂದ ಮುಂದಕ್ಕೆ ಹೇಗೆಂದು ತಿಳಿಯಲಿಲ್ಲ" ಎನ್ನಿ. ಎರಡು ನಿಮಿಷದಲ್ಲಿ ಕೆಲಸವಾಗುತ್ತದೆ. ಒಬ್ಬರು ಗದರಿದರೆ ಇನ್ನೊಬ್ಬರನ್ನು ಕೇಳಿ. ಹಿರಿಯ ವಿದ್ಯಾರ್ಥಿಯನ್ನು ಕೇಳಿ. ಪಕ್ಕದಲ್ಲಿ ಕುಳಿತವರನ್ನು ಕೇಳಿ. ತರಗತಿಯನ್ನಂತೂ ತಪ್ಪಿಸಬೇಡಿ. ಸಾಮಾನ್ಯವಾಗಿ ಮುಕ್ಕಾಲು ಪಾಲು ಹಾಜರಿಯಿಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಈಗ ವರ್ಷಕ್ಕೆ ಎರಡು ಸೆಮಿಸ್ಟರು. ಮೊದಲ ಪರೀಕ್ಷೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂದಿರುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಆ ಹದಿನೈದು ನಿಮಿಷಗಳಲ್ಲಿ ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ. ಒಂದು ಪತ್ರಿಕೆ ಉಳಿದರೂ ಧೈರ್ಯಗೆಡಬೇಡಿ. ಮತ್ತೆ ಕಟ್ಟಿ ಬರೆಯಲು ಬರುತ್ತದೆ. ಉಳಿದದ್ದನ್ನು ಮನೆಯಲ್ಲಿ ಬಚ್ಚಿಡುವುದೇ ದೊಡ್ಡ ತಪ್ಪು.

ಈಗ ಮನೆಯ ಹಿರಿಯರಿಗೆ ಎರಡು ಮಾತು. ಸಂಜೆ ಮಕ್ಕಳು ಬಂದೊಡನೆ "ಎಷ್ಟು ಮಾರ್ಕು ಬಂತು?" ಎಂದು ಕೇಳಬೇಡಿ. "ಇವತ್ತು ಯಾವುದು ತಿಳಿಯಲಿಲ್ಲ?" ಎಂದು ಕೇಳಿ ನೋಡಿ. ಉತ್ತರ ನಿಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಕಾಲೇಜು ಕಾಣದ ತಾಯಿಯೂ ಈ ಪ್ರಶ್ನೆಯನ್ನು ಕೇಳಬಹುದು. ತಿಳಿಯಲಿಲ್ಲವೆಂದು ಮನೆಯಲ್ಲಿ ಅಂಜದೆ ಹೇಳುವ ಮಗು ಕಾಲೇಜಿನಲ್ಲಿಯೂ ಹೇಳಬಲ್ಲದು. ನೆರೆಮನೆಯ ಹುಡುಗನೊಡನೆ ಹೋಲಿಸಿ ಆ ಬಾಯಿಯನ್ನು ಮುಚ್ಚಿಸಬೇಡಿ.

ಆ ಹುಡುಗ ಮರಳಿ ಬರಲಿಲ್ಲ. ಅಂದಿನಿಂದ ನಾನು ಪ್ರತಿ ವರ್ಷವೂ ಮೊದಲ ತಿಂಗಳು, ಗಂಟೆ ಬಾರಿಸಿದ ಮೇಲೆ ಐದು ನಿಮಿಷ ಮೇಜಿನ ಬಳಿಯೇ ನಿಲ್ಲುತ್ತಿದ್ದೆ. ಮೊದಮೊದಲು ಯಾರೂ ಬರುತ್ತಿರಲಿಲ್ಲ. ಒಬ್ಬರು ಬಂದ ಮರುದಿನ ನಾಲ್ವರು ಬರುತ್ತಿದ್ದರು. ನಿಮ್ಮ ತರಗತಿಯಲ್ಲಿ ಆ ಮೊದಲನೆಯವರು ನೀವೇ ಆಗಿರಿ.