ಜಮಖಂಡಿ ಸೀಮೆಯ ದ್ರಾಕ್ಷಿ



ಬಲಿಪೂಜೆಯ ದ್ರಾಕ್ಷಾರಸವು ದ್ರಾಕ್ಷಿಹಣ್ಣಿನಿಂದಲೇ ಸಹಜವಾಗಿ ಆದುದಿರಬೇಕು, ಕೆಟ್ಟಿರಬಾರದು ಎಂದು ಧರ್ಮಸಭೆಯ 1983ರ ಕಾನೂನು ವಿಧಿಸುತ್ತದೆ. ಆ ಹಣ್ಣನ್ನು ಬೆಳೆಯುವವನ ಪಾಡನ್ನು ಇಂದು ತುಸು ಅರಿಯೋಣ.

ಶೀತದೇಶಗಳಲ್ಲಿ ಬಳ್ಳಿಯನ್ನು ಚಳಿಯೇ ಮಲಗಿಸುತ್ತದೆ. ಜಮಖಂಡಿ, ಬೀಳಗಿಗಳ ಬಿಸಿಲಿನಲ್ಲಿ ಆ ಕೆಲಸ ಕತ್ತರಿಯದು. ವರ್ಷಕ್ಕೆ ಎರಡು ಚಾಟ್ನಿ: ಏಪ್ರಿಲಿನದು ಕಡ್ಡಿಗಾಗಿ, ಅಕ್ಟೋಬರಿನದು ಗೊನೆಗಾಗಿ. ಹೂಬಿಡುವಾಗ ಮಳೆ ಹಿಡಿದರೆ ಬೂಜುರೋಗ; ಹಣ್ಣು ಮಾಗಿದ ಮೇಲೆ ಸುರಿದರೆ ಕಾಯಿ ಬಿರಿಯುತ್ತದೆ, ವರ್ಷದ ಸಾಲ ಹಾಗೆಯೇ ಉಳಿಯುತ್ತದೆ. ಫೆಬ್ರವರಿ, ಮಾರ್ಚಿಯಲ್ಲಿ ಮೋಡ ಕಂಡರೆ ಆ ಮನೆಗಳಲ್ಲಿ ಯಾರಿಗೂ ನಿದ್ರೆಯಿಲ್ಲ.

ಇಷ್ಟು ಹಣ್ಣಿರುವಲ್ಲಿ ರಸವನ್ನೇಕೆ ಮಾಡರು ಎಂದು ಕೇಳುವವರುಂಟು. 2007ರಲ್ಲಿ ರಾಜ್ಯ ಸರಕಾರವು ದ್ರಾಕ್ಷಾರಸ ನೀತಿಯನ್ನೂ ತಂದಿತು. ಆದರೆ ಒಳ್ಳೆಯ ರಸಕ್ಕೆ ಶಿರಾಜ್, ಕ್ಯಾಬರ್ನೆಯಂತಹ ಬೇರೆ ತಳಿಗಳೇ ಬೇಕು. ಅವುಗಳದು ಸಣ್ಣ ಕಾಯಿ, ದಪ್ಪ ಸಿಪ್ಪೆ, ಒಳಗೆ ಬೀಜ. ಕೊಳ್ಳುವ ಕಾರ್ಖಾನೆ ಕೈಬಿಟ್ಟರೆ ಸಂತೆಯಲ್ಲಿ ಅವನ್ನು ಕೇಳುವವರಿಲ್ಲ. ಬೀಜವಿಲ್ಲದ ಥಾಮ್ಸನ್ ಹಾಗಲ್ಲ. ಮಾರದೆ ಉಳಿದರೆ ನೆರಳಿನ ಚಪ್ಪರದಲ್ಲಿ ಹದಿನೈದು ದಿನ ಒಣಗಿಸಿ ಮಣೂಕ ಮಾಡಬಹುದು. ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ. ಸಣ್ಣ ಹಿಡುವಳಿಯವನು ಇದನ್ನೇ ಆರಿಸಿದರೆ ಅದು ಜಾಣತನವೇ ಸರಿ.

ಮಣೂಕವೂ ಬಲಿಪೀಠಕ್ಕೆ ಹೊಸದಲ್ಲ. ಹಸಿ ದ್ರಾಕ್ಷಿ ದೊರೆಯದ ಮಲಬಾರಿನಲ್ಲಿ ಹಿಂದಿನ ಕ್ರೈಸ್ತರು ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಆ ರಸದಿಂದಲೇ ಬಲಿಪೂಜೆಯನ್ನು ಅರ್ಪಿಸುತ್ತಿದ್ದರು.