ಹಳೆಯ ಗೇರ್ ಸೈಕಲ್ಲಿನ ಹದ

ಲಾರಿಗಳ ಧೂಳು ಹಗಲಿಡೀ ಅಡಗದ ತುಮಕೂರು ರಸ್ತೆಯ ಬದಿಯಲ್ಲಿರುವ ಮಾದನಾಯಕನಹಳ್ಳಿಯಂಥ ಊರಿನಲ್ಲಿ ಹಳೆಯ ಮೌಂಟನ್ ಬೈಕೊಂದರ ಬ್ರೇಕು ಹಿಡಿಯದಾದಾಗ ಅಥವಾ ಗೇರು ಕೂರದಾದಾಗ ಅನನುಭವಿಯ ಕೈ ಮೊದಲು ತಿರುಪಿಗೆ ಹೋಗುತ್ತದೆ; ಕಸುಬು ಬಲ್ಲವನು ತಿರುಪನ್ನು ಮುಟ್ಟುವುದು ಕೊನೆಗೆ. ತಂತಿಯನ್ನು ಬಿಗಿಗೊಳಿಸುವ ಮೊದಲು ಅದರ ಓಟಕ್ಕೆ ಅಡ್ಡಬಂದ ಮಣ್ಣು, ತುಕ್ಕು, ಬಾಗುಗಳನ್ನು ನಿವಾರಿಸಬೇಕೆಂಬ ಈ ಕ್ರಮದಲ್ಲಿಯೇ ಆ ವಿದ್ಯೆಯ ಹಿರಿಮೆಯಿದೆ.

ಬ್ರೇಕಿನ ಕೆಲಸ ಚಕ್ರದಿಂದಲೇ ಆರಂಭವಾಗುತ್ತದೆ. ರಿಮ್ಮಿನಲ್ಲಿ ಬೆಂಡ್ ಇದ್ದರೆ ರಬ್ಬರಿನ ಬ್ರೇಕ್ ಶೂಗಳನ್ನು ಅದರ ಸಮೀಪ ನಿಲ್ಲಿಸಲಾಗದ ಕಾರಣ, ಮೊದಲು ಕಡ್ಡಿಗಳನ್ನು ಬಿಗಿಸಿ ಸಡಿಲಿಸಿ ಚಕ್ರವನ್ನು ನೇರಗೊಳಿಸಿ, ಆ ಬಳಿಕ ಎರಡೂ ಬದಿಯಲ್ಲಿ ಒಂದೆರಡು ಮಿಲಿಮೀಟರ್ ಅಂತರ ಉಳಿಯುವಂತೆ ಶೂಗಳನ್ನು ಕೂರಿಸಲಾಗುತ್ತದೆ. ಶೂವಿನ ಮುಂತುದಿ ಕೂದಲೆಳೆಯಷ್ಟು ಮೊದಲು ರಿಮ್ಮಿಗೆ ತಾಗುವಂತಿದ್ದರೆ ಕಿರುಚಾಟ ತಗ್ಗುತ್ತದೆ. ಶೂ ಟೈರಿಗೆ ಮಾತ್ರ ಎಂದೂ ತಾಗಬಾರದು, ಏಕೆಂದರೆ ಅದು ಟೈರಿನ ಪಕ್ಕೆಯನ್ನು ಸವೆಸಿ ಕೊನೆಗೆ ಒಡೆಯುತ್ತದೆ. 1996ರಲ್ಲಿ ಜಪಾನಿನ ಶಿಮಾನೊ ಸಂಸ್ಥೆಯು ತಂದ ವಿ-ಬ್ರೇಕಿನಲ್ಲಿ ಒಂದೇ ತಂತಿ ಎರಡು ಉದ್ದನೆಯ ತೋಳುಗಳನ್ನು ನೇರವಾಗಿ ಸೆಳೆಯುತ್ತದೆ. ತೋಳಿನ ಬುಡದಲ್ಲಿರುವ ಪುಟ್ಟ ತಿರುಪು ಸ್ಪ್ರಿಂಗಿನ ಬಿಗಿಯನ್ನು ಬದಲಿಸಿ ಎರಡನ್ನೂ ಸಮತೂಕಕ್ಕೆ ತರುತ್ತದೆ.

ತಂತಿಗೆ ಹೊದಿಸಿರುವ ಔಟರ್‌ನ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಬ್ರೇಕಿನ ಔಟರ್ ಒಳಗೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿಯಿದ್ದು, ಅದು ಜೋರಾದ ಸೆಳೆತವನ್ನು ತಾಳಬಲ್ಲದು. ಒಂದೊಂದು ಕ್ಲಿಕ್ಕಿಗೆ ಒಂದೊಂದು ಗೇರು ಕೂರುವ ಕ್ಲಿಕ್ ಗೇರಿನ ಔಟರ್‌ನಲ್ಲಿ ತಂತಿಗಳು ಉದ್ದಕ್ಕೆ ಹಾಯ್ದಿರುವುದರಿಂದ ಅದು ಕುಗ್ಗುವುದು ಅತ್ಯಲ್ಪ. ಉಳಿತಾಯಕ್ಕೆಂದು ಗೇರಿನ ಔಟರನ್ನು ಬ್ರೇಕಿಗೆ ಹಾಕುವುದು ಜೀವಕ್ಕೆ ಅಪಾಯ, ಗಟ್ಟಿಯಾಗಿ ಹಿಡಿದ ಕ್ಷಣದಲ್ಲಿಯೇ ಅದು ಸಿಡಿದುಹೋಗಬಹುದು.

ಗೇರಿನಲ್ಲಿ ಅಳತೆಯ ಬಿಗಿ ಇನ್ನೂ ಹೆಚ್ಚು. 1984ರಲ್ಲಿ ಶಿಮಾನೊ ರೂಢಿಗೆ ತಂದ ಕ್ಲಿಕ್ ಪದ್ಧತಿಗಿಂತ ಮುಂಚೆ ಸವಾರನು ಲಿವರನ್ನು ಅಂದಾಜಿನಿಂದ ಸರಿಸಿ, ಕಿವಿಗೊಟ್ಟು ಗೇರನ್ನು ಕೂರಿಸಿಕೊಳ್ಳುತ್ತಿದ್ದನು. ಏಳು ಹಲ್ಲುಚಕ್ರಗಳಿರುವ ಹಿಂದಿನ ಫ್ರೀವೀಲಿನಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು 5 ಮಿಲಿಮೀಟರ್. ಚೈನನ್ನು ಅತ್ತಿತ್ತ ಸರಿಸುವ ಡಿರೇಲರ್ ತಂತಿಯ ಚಲನೆಯನ್ನು ಸುಮಾರು 1.7 ಪಟ್ಟು ಹಿಗ್ಗಿಸುವುದರಿಂದ, ತಂತಿಯಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಾದರೂ ಚೈನು ಕಟಕಟ ಸದ್ದು ಮಾಡುತ್ತದೆ. ಪೀಣ್ಯ ಕೈಗಾರಿಕಾ ಪ್ರದೇಶದ ಲೇಥುಗಳಲ್ಲಿ ಇದಕ್ಕಿಂತ ಕಿರಿದಾದ ಅಳತೆಗಳನ್ನು ದಿನವೂ ಹಿಡಿಯುವ ಕಾರ್ಮಿಕರಿಗೆ ಈ ಶಿಸ್ತು ಅಪರಿಚಿತವಲ್ಲ.

ಡಿರೇಲರನ್ನು ಹೊತ್ತ ಕೊಂಡಿ ಬಾಗಿದ್ದರೆ ಅಥವಾ ಚೈನು ಸವೆದಿದ್ದರೆ ಯಾವ ಹೊಂದಾಣಿಕೆಯೂ ನಿಲ್ಲದು. ಅವು ಸರಿಯಿದ್ದಲ್ಲಿ, ಚೈನು ಅತಿ ಚಿಕ್ಕ ಚಕ್ರದಾಚೆ ಬೀಳದಂತೆಯೂ ಅತಿ ದೊಡ್ಡದನ್ನು ದಾಟಿ ಕಡ್ಡಿಗಳಿಗೆ ಸಿಲುಕದಂತೆಯೂ ಎಲ್ಲೆ ಹಾಕುವ ಎರಡು ತಿರುಪುಗಳನ್ನು ನಿಗದಿಪಡಿಸಿ, ಅನಂತರವೇ ತಂತಿಯ ಬಿಗಿಗೆ ಬರಲಾಗುತ್ತದೆ. ಚೈನು ದೊಡ್ಡ ಚಕ್ರಕ್ಕೆ ಏರಲು ತಡವರಿಸಿದರೆ ತಂತಿಯ ತುದಿಯ ಅಡ್ಜಸ್ಟರನ್ನು ಗಡಿಯಾರದ ಎದುರು ದಿಕ್ಕಿಗೆ ಕಾಲು ಸುತ್ತು, ಇಳಿಯಲು ತಡವರಿಸಿದರೆ ಅದಕ್ಕೆ ವಿರುದ್ಧವಾಗಿ ತಿರುಗಿಸಬೇಕು. ಚಕ್ರವನ್ನು ಮೇಲೆತ್ತಿ ಕೈಯಿಂದ ಪೆಡಲ್ ತಿರುಗಿಸುವಾಗ ಸರಿಯೆನಿಸಿದ ಗೇರು ಸವಾರನ ಭಾರ ಬಿದ್ದಾಗ ತಪ್ಪಬಹುದಾದ್ದರಿಂದ, ಶಿವಗಂಗೆ ಬೆಟ್ಟದ ಕಡೆಗೆ ಹೊರಡುವವನು ಮೊದಲು ಊರಿನ ಹತ್ತಿರದ ಯಾವುದಾದರೂ ಏರಿನಲ್ಲಿ ಒಂದೊಂದೇ ಗೇರನ್ನು ಹಾಕಿ ನೋಡಿ, ಉಳಿದ ಕಾಲು ಸುತ್ತನ್ನು ಅಲ್ಲಿಯೇ ಮುಗಿಸಿಕೊಳ್ಳುವುದು ಯುಕ್ತ.