ಮಗ್ಗದೊಳಗೊಂದು ಮಗ್ಗ

(ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕಾರ್ಮಿಕರು ಹಾಗೂ ಸಣ್ಣ ವರ್ತಕರು ಸೇರಿದ್ದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಕೂಲಿಯ ವಿಚಾರವನ್ನಾಗಲಿ ನೂಲಿನ ಬೆಲೆಯ ವಿಚಾರವನ್ನಾಗಲಿ ಎತ್ತಿಕೊಂಡಿಲ್ಲ. ನಮ್ಮಲ್ಲಿರುವ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ಹೂಡಿ, ಅದರಲ್ಲಿ ಯಾರ ಅಪ್ಪಣೆಯೂ ಬೇಡದ ಒಂದು ಆಪರೇಟಿಂಗ್ ಸಿಸ್ಟಂ ಹಾಕಿ ಕಲಿಯುವ ಬಗೆ ಹೇಗೆಂಬುದೇ ಇಂದಿನ ವಿಷಯ. "ಇದು ಓದಿದವರ ಮಾತು, ನಮಗೇಕೆ?" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ನಮ್ಮ ಕಿವಿಗೆ ಬಿತ್ತು. ನಾವೂ ಮೆಟ್ರಿಕ್ ಮುಗಿಸಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವರೇ ಹೊರತು ಇಂಜಿನಿಯರುಗಳಲ್ಲ. ನಮಗೆ ತಿಳಿದದ್ದು ನಿಮಗೂ ತಿಳಿದೀತು.

ಅಲ್ಲದೆ ಈ ವಿದ್ಯೆಯ ಮೂಲ ನಿಮ್ಮ ಕಸುಬಿನಲ್ಲೇ ಇದೆ. ಜಕಾರ್ಡಿನ ಕಾರ್ಡನ್ನು ನೋಡದವರು ಈ ಊರಿನಲ್ಲಿ ಯಾರಿದ್ದಾರೆ? ಕಾರ್ಡಿನಲ್ಲಿ ತೂತಿದ್ದರೆ ಕೊಕ್ಕೆ ಹಾಸಿನ ಎಳೆಯನ್ನೆತ್ತುತ್ತದೆ, ಇಲ್ಲದಿದ್ದರೆ ಎತ್ತುವುದಿಲ್ಲ. ಅಷ್ಟರಿಂದಲೇ ಸೆರಗಿನಲ್ಲಿ ನವಿಲು ಮೂಡುತ್ತದೆ. ಫ್ರಾನ್ಸಿನ ಲಿಯೋನ್ ಪಟ್ಟಣದ ಜಕಾರ್ಡ್ ಎಂಬಾತ 1804ರ ಸುಮಾರಿಗೆ ರೂಪಿಸಿದ ಈ ಉಪಾಯವನ್ನು ಕಂಡು, ಲೆಕ್ಕ ಮಾಡುವ ಯಂತ್ರಕ್ಕೂ ಹೀಗೆಯೇ ಕಾರ್ಡುಗಳ ಮೂಲಕ ಅಪ್ಪಣೆ ಕೊಡಬಹುದೆಂದು 1830ರ ದಶಕದಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಯೋಚಿಸಿದನು. ಕಂಪ್ಯೂಟರಿನ ವಂಶಾವಳಿಯಲ್ಲಿ ನೇಕಾರನ ಮಗ್ಗವೂ ಒಂದು ಹಿರಿಯ ತಲೆ. ಆದುದರಿಂದ ಹೀಗೆ ತಿಳಿಯಿರಿ: ಕಬ್ಬಿಣ, ತಂತಿ, ಪರದೆಗಳೆಲ್ಲ ಮಗ್ಗ, ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಎಂಬುದು ಕಾರ್ಡು.

ಈಗ ಕೇಳುತ್ತೇವೆ. ಮಗ್ಗ ನಿಮ್ಮದು, ಸಾಲ ಮಾಡಿ ತಂದದ್ದು. ಆದರೆ ಕಾರ್ಡನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾರೆ. ತೆರೆದು ನೋಡುವಂತಿಲ್ಲ, ನೆರೆಯವನಿಗೆ ನಕಲು ಕೊಡುವಂತಿಲ್ಲ, ಒಂದು ತೂತು ತಿದ್ದುವಂತಿಲ್ಲ. ಆಗ ಆ ಮಗ್ಗ ಪೂರ್ತಿ ನಿಮ್ಮದೆನ್ನಬಹುದೆ? 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ ನಿಂತಿತು. ಹೊಸದಾದ ವಿಂಡೋಸ್ 11 ಬೇಕಾದರೆ ಅದು ಕೇಳುವ ರಕ್ಷಣಾ ಚಿಪ್ಪು, ಅದು ಒಪ್ಪುವ ಪ್ರೊಸೆಸರ್ ಇರಬೇಕು. ನೆಲಮಂಗಲದಲ್ಲೋ ಹೊಸಕೋಟೆಯಲ್ಲೋ ದಿನಸಿ ಅಂಗಡಿಯ ಮೇಜಿನ ಮೇಲೆ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಯಂತ್ರಗಳು, ಒಂದು ಮೊಳೆಯೂ ಸಡಿಲವಾಗದೆ, ಹಳತಾದವು!

ಇದಕ್ಕೆ ಬದಲು ದಾರಿ ಉಂಟು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬುವರು ಗ್ನೂ ಎಂಬ ಯೋಜನೆಯನ್ನು ಸಾರಿದರು. ತಂತ್ರಾಂಶವನ್ನು ಬೇಕಾದ ಕೆಲಸಕ್ಕೆ ಬಳಸುವ, ಒಳಗನ್ನು ನೋಡಿ ಕಲಿಯುವ, ನಕಲು ಹಂಚುವ, ತಿದ್ದಿ ಹಂಚುವ ಹಕ್ಕು ಎಲ್ಲರಿಗೂ ಇರತಕ್ಕದ್ದು ಎಂಬುದು ಅವರ ವಾದ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ಬರೆದು ಹೊರಬಿಟ್ಟರು. ಎರಡೂ ಕೂಡಿದ ಮೇಲೆ ಪೂರ್ಣ ವ್ಯವಸ್ಥೆಯಾಯಿತು. ಅವುಗಳಿಂದ ಕಟ್ಟಿದ ಒಂದು ವ್ಯವಸ್ಥೆ ಡೆಬಿಯನ್; 1993ರಲ್ಲಿ ಶುರುವಾದದ್ದು. ಅದಕ್ಕೆ ಮಾಲೀಕ ಕಂಪನಿ ಇಲ್ಲ. ಲೋಕದ ನಾನಾ ದೇಶಗಳ ಸ್ವಯಂಸೇವಕರು ಅದನ್ನು ನಡೆಸುತ್ತಾರೆ, ವರ್ಷಕ್ಕೊಮ್ಮೆ ಮತ ಹಾಕಿ ತಮ್ಮ ನಾಯಕರನ್ನು ಆರಿಸುತ್ತಾರೆ. ಪುಕ್ಕಟೆ ಸಿಗುತ್ತದೆಂಬುದು ಅದರ ಹೆಚ್ಚುಗಾರಿಕೆಯಲ್ಲ. ಪೆಟ್ಟಿಗೆಗೆ ಬೀಗವಿಲ್ಲವೆಂಬುದು ಹೆಚ್ಚುಗಾರಿಕೆ.

ಇಷ್ಟು ಕೇಳಿದ ಕೂಡಲೇ ಮನೆಗೆ ಹೋಗಿ ಹಾಕಿಬಿಡೋಣವೆಂದು ಹೊರಡಬೇಡಿ. ನಾವು ಹಾಗೆ ಹೊರಟು ಕೆಟ್ಟವರು. ಮೂರು ವರ್ಷಗಳ ಹಿಂದೆ ನಮ್ಮ ಕಚೇರಿಯ ಒಂದೇ ಒಂದು ಕಂಪ್ಯೂಟರಿನಲ್ಲಿ ಕಾರ್ಮಿಕರ ಸಹಾಯ ನಿಧಿಯ ಲೆಕ್ಕವಿತ್ತು. ಉತ್ಸಾಹದಲ್ಲಿ ನೇರವಾಗಿ ಅದರ ಮೇಲೆಯೇ ಲಿನಕ್ಸ್ ಹಾಕಲು ಕುಳಿತೆವು. "ಡಿಸ್ಕನ್ನು ಪೂರ್ತಿ ಬಳಸಲೇ?" ಎಂದು ಅದು ಕೇಳಿತು. ಪೂರ್ತಿ ಎಂದರೆ ಒಳ್ಳೆಯದೇ ಇರಬೇಕೆಂದು ಹೂಂ ಎಂದೆವು. ಎರಡು ವರ್ಷದ ಲೆಕ್ಕ ಅರ್ಧ ಗಂಟೆಯಲ್ಲಿ ಅಳಿಸಿಹೋಯಿತು, ಬೇರೆಲ್ಲೂ ನಕಲಿರಲಿಲ್ಲ. ರಸೀತಿ ಪುಸ್ತಕ ಹಿಡಿದು ಒಂದು ತಿಂಗಳು ಮನೆಮನೆ ತಿರುಗಿದೆವು. ಬಾಬಿನ್ ಸುತ್ತುವ ಕೆಲಸದ ಒಬ್ಬ ತಾಯಿ ತಾನು ಕಟ್ಟಿದ ಪ್ರತಿ ಕಂತಿಗೂ ಗೋಡೆಯ ಮೇಲೆ ಇದ್ದಿಲಿನಿಂದ ಒಂದೊಂದು ಗೀಟೆಳೆದಿದ್ದರು. "ಎಣಿಸಿಕೊಳ್ಳಿ ಮೇಷ್ಟ್ರೇ" ಎಂದರು. ಎಣಿಸಿದೆವು. ನಮ್ಮ ಯಂತ್ರಕ್ಕಿಂತ ಆ ಗೋಡೆ ನಂಬಿಗಸ್ತವಾಗಿತ್ತು. ತಾಳೆಯಾಗದೆ ಉಳಿದ ಹಣವನ್ನು ನಾವು ಕೈಯಿಂದ ತುಂಬಿದೆವು. ಆದರೆ ಹೋದ ನಂಬಿಕೆಯನ್ನು ಕೈಯಿಂದ ತುಂಬಲು ಬರುವುದಿಲ್ಲ.

ಆಮೇಲೆ ಒಂದು ವರ್ಷ ನಾವು ಲಿನಕ್ಸಿನ ಹೆಸರೆತ್ತಲಿಲ್ಲ. ಕೊನೆಗೆ ಮಗ್ಗದ ಕಾರ್ಮಿಕರೊಬ್ಬರ ಮಗಳು, ಕಾಲೇಜಿಗೆ ಹೋಗುವ ಹುಡುಗಿ, ನಮಗೆ ಪಾಠ ಹೇಳಿದಳು: "ಸರ್, ಹೊಸದಾಗಿ ಬಂದ ಹುಡುಗನನ್ನು ಮಾಲೀಕರು ಮದುವೆ ಸೀರೆ ಹಾಕಿದ ಮಗ್ಗದ ಮೇಲೆ ಕೂರಿಸುತ್ತಾರೆಯೇ?" ಕೂರಿಸುವುದಿಲ್ಲ. ಎಳೆ ಕಡಿದರೂ ಯಾರ ಕೂಲಿಯೂ ಮುರಿಯದ ಮಗ್ಗ ಕಲಿಯುವವನಿಗೆ ಬೇಕು. ಅಂಥ ಮಗ್ಗಕ್ಕೆ ವರ್ಚುಯಲ್ ಮೆಷಿನ್ ಎಂದು ಹೆಸರು. ಇದೂ ಹೊಸತಲ್ಲ. ಒಂದೇ ದೊಡ್ಡ ಯಂತ್ರವನ್ನು ಹಲವರು, ತಮ್ಮ ತಮ್ಮದೇ ಯಂತ್ರವೆಂಬಂತೆ ಬಳಸಲೆಂದು 1960ರ ದಶಕದಲ್ಲಿಯೇ ಐ.ಬಿ.ಎಂ. ಕಂಪನಿಯ ಇಂಜಿನಿಯರುಗಳು ಈ ಉಪಾಯವನ್ನು ಮಾಡಿದ್ದರು.

ಕ್ರಮ ಹೀಗಿದೆ. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶವನ್ನು ಈಗಿರುವ ವಿಂಡೋಸಿನಲ್ಲೇ ಹಾಕಿಕೊಳ್ಳಿ. ಅದರ ಮೂಲ ಭಾಗ ಮುಕ್ತವಾದದ್ದು. ಜೊತೆಗೆ ಸಿಗುವ ಎಕ್ಸ್‌ಟೆನ್ಷನ್ ಪ್ಯಾಕಿಗೆ ಬೇರೆ ಕರಾರುಂಟು, ವ್ಯಾಪಾರಕ್ಕೆ ಬಳಸುವವರು ಅದನ್ನು ಓದದೆ ಹಾಕಬಾರದು. ಡೆಬಿಯನ್ನಿನ ಐ.ಎಸ್.ಒ. ಎಂಬ ಕಡತವನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಬಳಿಕ ಹೊಸ ಯಂತ್ರವೊಂದನ್ನು ಮಾಡಲು ಹೇಳಿದರೆ, ಮೆಮೊರಿ ಎಷ್ಟು, ಡಿಸ್ಕು ಎಷ್ಟು ಎಂದು ಕೇಳುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ 8 ಜಿ.ಬಿ. ಮೆಮೊರಿ ಇದ್ದರೆ 2 ಜಿ.ಬಿ. ಕೊಡಿ, ನಿರಾತಂಕವಾಗಿ ನಡೆಯುತ್ತದೆ. ಇರುವುದೇ 4 ಆದರೆ ಮಿಕ್ಕ ಕೆಲಸಗಳನ್ನೆಲ್ಲ ಮುಚ್ಚಿಟ್ಟು ತಾಳ್ಮೆಯಿಂದ ಕೂರಬೇಕು. ಡಿಸ್ಕಿಗೆ 25 ಜಿ.ಬಿ. ಬರೆಯಿರಿ, ಅಷ್ಟೂ ಜಾಗವನ್ನು ಅದು ಒಮ್ಮೆಗೇ ನುಂಗುವುದಿಲ್ಲ, ಬೇಕಾದಂತೆ ಬೆಳೆಯುತ್ತದೆ. ಯಂತ್ರ ಹೊರಡುವುದೇ ಇಲ್ಲವೆಂದು ತಕರಾರು ಬಂದರೆ ಎದೆಗುಂದಬೇಡಿ. ಕಂಪ್ಯೂಟರು ಹೊತ್ತುವಾಗ ಬರುವ ಬಯೋಸ್ ಪಟ್ಟಿಯಲ್ಲಿ ವರ್ಚುಯಲೈಸೇಷನ್ ಎಂಬುದನ್ನು ಆರಿಸಿಟ್ಟಿರುತ್ತಾರೆ; ಅದನ್ನು ಹಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ವರ್ಚುವಲ್‌ಬಾಕ್ಸಿನ ಹೊಸ ಆವೃತ್ತಿಗಳು ತಾವೇ ಎಲ್ಲ ಪ್ರಶ್ನೆಗೂ ಉತ್ತರ ಹೇಳಿ ಮುಗಿಸಲು ಮುಂದಾಗುತ್ತವೆ. ಕಲಿಯುವವರು ಅದಕ್ಕೆ ಬೇಡವೆನ್ನಬೇಕು. ಪ್ರಶ್ನೆಗಳನ್ನು ಎದುರಿಸುವುದೇ ಕಲಿಕೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ರೂಟ್ ಎಂಬ ಯಜಮಾನನ ಗುಪ್ತಪದ ಕೇಳಿದಾಗ ಖಾಲಿ ಬಿಡಿ; ಆಗ ನಿಮ್ಮ ಹೆಸರಿಗೇ ಯಜಮಾನಿಕೆಯ ಅಧಿಕಾರ ಬರುತ್ತದೆ. ಇದನ್ನು ತಿಳಿಯದೆ ನಾವು ಮೊದಲ ಸಲ ನಮ್ಮ ಯಂತ್ರದಲ್ಲಿ ನಾವೇ ಕೂಲಿಯಾಳಾದೆವು. ಪರದೆಗಳಲ್ಲಿ ಎಕ್ಸ್‌ಎಫ್‌ಸಿಇ ಎಂಬ ಹಗುರವಾದದ್ದನ್ನು ಆರಿಸಿ.

ಇಷ್ಟರ ನಡುವೆ ಆ ಪ್ರಶ್ನೆ ಬಂತು: "ಡಿಸ್ಕನ್ನು ಪೂರ್ತಿ ಬಳಸಲೇ?" ನಮ್ಮ ಕೈ ನಡುಗಿತು. ಆ ಹುಡುಗಿ ನಕ್ಕು, "ಇದು ನಾವು ಮಾಡಿಟ್ಟ ಡಿಸ್ಕು ಸರ್, ಒಂದು ಕಡತವಷ್ಟೇ. ಅಂಗಡಿಯ ಲೆಕ್ಕ ಇದಕ್ಕೆ ಕಾಣುವುದೇ ಇಲ್ಲ" ಎಂದಳು. ಹೂಂ ಎಂದೆವು. ಬೂಟ್ ಲೋಡರನ್ನು ಎಲ್ಲಿಡಲಿ ಎಂದಾಗ ಇದ್ದ ಒಂದೇ ಡಿಸ್ಕನ್ನು ತೋರಿಸಿದೆವು. ಮುಗಿದ ಮೇಲೆ ಐ.ಎಸ್.ಒ. ಕಡತವನ್ನು ತೆಗೆಯಬೇಕು, ಇಲ್ಲವಾದರೆ ಮತ್ತೆ ಮೊದಲಿನಿಂದ ಶುರುವಾಗಬಹುದು. ಆಮೇಲೆ ಸ್ನ್ಯಾಪ್‌ಶಾಟ್ ಎಂಬ ಗುರುತು ಹಾಕಿಟ್ಟರೆ, ಏನೇ ಕೆಡಿಸಿದರೂ ಆ ಗುರುತಿಗೆ ಹಿಂದಿರುಗಬಹುದು. ನಾವು ಬೇಕೆಂದೇ ನಾಲ್ಕು ಸಲ ಕೆಡಿಸಿದೆವು. ಅಂದು ನಮ್ಮ ಹೆದರಿಕೆ ಬಿಟ್ಟಿತು.

ಒಂದೇ ಎಚ್ಚರಿಕೆ: ಒಳಗಿನ ಯಂತ್ರಕ್ಕೂ ಹೊರಗಿನದಕ್ಕೂ ನಡುವೆ ಹಂಚಿಕೆಯ ಫೋಲ್ಡರು ಮಾಡಿಕೊಂಡರೆ, ಅದು ತೆರೆದ ಬಾಗಿಲು. ಅಲ್ಲಿ ಅಳಿಸಿದ್ದು ಹೊರಗೂ ಅಳಿಯುತ್ತದೆ.

ಕನ್ನಡ ಬರೆಯುವುದು ಹೇಗೆಂದು ಹಲವರು ಕೇಳಿದ್ದೀರಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಲಿನಕ್ಸಿನಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಸಿಗುತ್ತದೆ. ನುಡಿಯಲ್ಲಿ ಕೈ ಪಳಗಿದವರಿಗೆ ಕಷ್ಟವಿಲ್ಲ. ಪತ್ರ, ಲೆಕ್ಕಗಳಿಗೆ ಲಿಬ್ರೆ ಆಫೀಸ್ ಇದೆ. ಆದರೆ ಹಳೆಯ ನುಡಿ ಅಕ್ಷರದಲ್ಲಿ ಬರೆದಿಟ್ಟ ಕಡತಗಳನ್ನು, ಆ ಅಕ್ಷರಶೈಲಿಯನ್ನು ಹಾಕಿಕೊಳ್ಳದೆ ಅಥವಾ ಯೂನಿಕೋಡಿಗೆ ಪರಿವರ್ತಿಸದೆ ಅಲ್ಲಿ ಓದಲಾಗದು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ವರ್ತಕರಿಗೂ, ಜಕಾರ್ಡಿನ ಡಿಸೈನ್ ತಂತ್ರಾಂಶ ಬಳಸುವವರಿಗೂ ವಿಂಡೋಸಿನ ಹಂಗು ಇನ್ನೂ ಉಂಟು. ಇದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸಿದರೆ ನಾಳೆ ನೀವೇ ನಮ್ಮನ್ನು ಬೈಯುತ್ತೀರಿ. ಒಳಗೊಂದು ಯಂತ್ರ ಕಟ್ಟಿದ ಮಾತ್ರಕ್ಕೆ ಹೊರಗಿನ ಹಳೆಯ ವಿಂಡೋಸಿಗೆ ರಕ್ಷಣೆ ಬಂದಂತೆಯೂ ಆಗುವುದಿಲ್ಲ. ಇದು ಪಾಠಶಾಲೆ; ಕಲಿತ ಮೇಲೆ ಯಾವ ಕೆಲಸವನ್ನು ಪೂರ್ತಿ ಇತ್ತ ತರಬಹುದೆಂದು ನೀವೇ ನಿರ್ಧರಿಸತಕ್ಕದ್ದು.

ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ. ಬೆಂಗಳೂರಿನ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರವನ್ನು ತೆರೆದು, ಬಡವರ ಮಕ್ಕಳಿಗೆ ಮುಕ್ತ ತಂತ್ರಾಂಶದಲ್ಲಿಯೇ ಪಾಠ ಹೇಳಿದವರಿದ್ದಾರೆ. ಅವರಿಗೆ ಸಾಧ್ಯವಾದದ್ದು ದೊಡ್ಡಬಳ್ಳಾಪುರಕ್ಕೆ ಅಸಾಧ್ಯವೇ?

ಬರುವ ಭಾನುವಾರದಿಂದ ಬೆಳಗ್ಗೆ ಹತ್ತು ಗಂಟೆಗೆ ಇದೇ ಜಾಗದಲ್ಲಿ ಕೂರೋಣ. ಆ ಹುಡುಗಿ ಕಲಿಸಲು ಒಪ್ಪಿದ್ದಾಳೆ. ನಾವು ಮೊದಲ ಬೆಂಚಿನಲ್ಲಿರುತ್ತೇವೆ. ಯಂತ್ರವಿದ್ದವರು ತನ್ನಿ, ಇಲ್ಲದವರು ಬರಿಗೈಯಲ್ಲಿ ಬನ್ನಿ. ತರುವವರು ಮಾತ್ರ ಹಿಂದಿನ ರಾತ್ರಿಯೇ ನಿಮ್ಮ ಲೆಕ್ಕದ ಒಂದು ನಕಲನ್ನು ಪೆನ್ ಡ್ರೈವಿನಲ್ಲಿ ತೆಗೆದು ಮನೆಯಲ್ಲಿಟ್ಟು ಬರಬೇಕು. ಆ ತಾಯಿಯ ಗೋಡೆ ನಮಗೆ ಹೇಳಿಕೊಟ್ಟ ಪಾಠ ಅದು.